ಆಫೀಸಿಗೆ ಹತ್ತಿರದ ಗದ್ದೆ

ಸಾರಕ್ಕಿ
20 ಜನವರಿ 1974

ಪ್ರಿಯ ಅನಂತಪದ್ಮನಾಭನಿಗೆ ವೆಂಕಟಸ್ವಾಮಿಯ ನಮಸ್ಕಾರ.

ಗಂಗಾವತಿಯ ನೀರು ಒಗ್ಗಿತೇ? ವರ್ಗದ ಆರ್ಡರು ಬಂದ ದಿನ ನಿನ್ನ ಮುಖ ನೋಡಲಾಗುತ್ತಿರಲಿಲ್ಲ. ಬಸವನಗುಡಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನೀನು ಕೃಷಿ ಇಲಾಖೆಗೆ ಸೇರಿದೆ, ನಾನು ಕೃಷಿಗೇ ಸೇರಿದೆ. ಈಗ ನಮ್ಮಿಬ್ಬರ ನಡುವೆ ಒಂದು ರಾತ್ರಿಯ ಬಸ್ಸು.

ನೀನು ನೆಡಿಸಿಹೋದ ಬೋರ್ಡು ಪೈರಿಗಿಂತ ಚೆನ್ನಾಗಿ ನಿಂತಿದೆ. ‘ಸುಧಾರಿತ ಭತ್ತದ ಮಾದರಿ ಗದ್ದೆ’ ಎಂದು ಹಸಿರು ಬಣ್ಣದಲ್ಲಿ ಬರೆದು ಕೆಳಗೆ ನನ್ನ ಹೆಸರು ಹಾಕಿದ್ದಕ್ಕೆ ಊರಿನವರು ನನ್ನನ್ನು ಬೋರ್ಡುಸ್ವಾಮಿ ಮಾಡಿದ್ದಾರೆ. ಸಬ್ಸಿಡಿಯ ಪಂಪ್‌ಸೆಟ್ಟು ಬಾವಿಯ ಮೇಲೆ ಕೂತಾಯಿತು. ಬೀಜ, ಗೊಬ್ಬರ ಅರ್ಧ ಬೆಲೆಗೆ ಮನೆ ಬಾಗಿಲಿಗೇ ಬಂತು. ಮಾವನ ಮನೆಯವರೂ ನನ್ನನ್ನು ಇಷ್ಟು ವಿಚಾರಿಸಿಕೊಂಡಿರಲಿಲ್ಲ.

ಕೊಯ್ಲಿಗೆ ಮುಂಚೆ ದೆಹಲಿಯ ಸಾಹೇಬರು ಜೀಪಿನಲ್ಲಿ ಬಂದು ತೆನೆ ಹಿಡಿದು ಫೋಟೋ ತೆಗೆಸಿಕೊಂಡರು. ಮಂಡ್ಯದ ಗದ್ದೆ ಬಿಟ್ಟು ಇಲ್ಲಿಗೇಕೆ ಬಂದಿರಿ ಎಂದು ನಾನು ಡ್ರೈವರನ್ನು ಕೇಳಿದೆ. “ಮಂಡ್ಯಕ್ಕೆ ಹೋದ್ರೆ ಇಡೀ ದಿನ ಹೋಯ್ತದೆ ಸ್ವಾಮಿ. ಇಲ್ಲಿಗಾದ್ರೆ ನೋಡ್ಕೊಂಡು ಊಟದ ಹೊತ್ಗೆ ಆಫೀಸು ಸೇರ್ಕೋಬೋದು” ಎಂದ. ನನ್ನ ಗದ್ದೆಯ ಹೆಚ್ಚುಗಾರಿಕೆ ಏನೆಂದು ಆವತ್ತು ಗೊತ್ತಾಯಿತು.

ನನ್ನ ಹೆಂಡತಿ ಗೋವಿಂದಮ್ಮನದು ಒಂದೇ ಪ್ರಶ್ನೆ. ಮೇಲಿನ ತುಂಡಿನಲ್ಲಿ ಅವಳಿಗೆ ಅವರೆ ಹಾಕುವ ಆಸೆ. ಭತ್ತ ಬಿಟ್ಟು ಬೇರೆ ಬೆಳೆ ಇಟ್ಟರೂ, ಪಾಳು ಬಿಟ್ಟರೂ ಗದ್ದೆ ಸರ್ಕಾರದ ಪಾಲು ಎಂದು ಮುಚ್ಚಳಿಕೆಯಲ್ಲಿ ಬರೆಸಿಕೊಂಡಿದ್ದೀರಂತೆ. ಸಹಿ ಹಾಕುವಾಗ ನೀನು ಪಕ್ಕದಲ್ಲಿದ್ದೆಯಲ್ಲ ಎಂದು ನಾನು ಓದಲಿಲ್ಲ. ಇದು ಎಲ್ಲಿಯವರೆಗೆ ಎಂದು ಅವಳು ಕೇಳುತ್ತಾಳೆ. ಎರಡು ಸಾಲು ಬರೆ, ಅವಳಿಗೆ ಓದಿ ಹೇಳುತ್ತೇನೆ.

ನಿನ್ನ
ವೆಂಕಟ


ಗಂಗಾವತಿ
17 ಫೆಬ್ರವರಿ 1974

ಪ್ರೀತಿಯ ವೆಂಕಟ,

ನಿನ್ನ ಕಾಗದವನ್ನು ಇಲ್ಲಿನ ಸಹೋದ್ಯೋಗಿಗಳಿಗೂ ಓದಿ ತೋರಿಸಿದೆ. ಇಲ್ಲಿ ಕಾಲುವೆಯುದ್ದಕ್ಕೂ ಕಣ್ಣು ಹಾಯುವಷ್ಟು ಭತ್ತ. ಆದರೆ ನೋಡಲು ಒಂದು ನರಪಿಳ್ಳೆಯೂ ಬರುವುದಿಲ್ಲ. ನಿನ್ನ ಅದೃಷ್ಟ ನಿನಗೆ ತಿಳಿಯದು.

ಅವರೆಯ ಮಾತನ್ನು ದಯವಿಟ್ಟು ಇನ್ನೊಬ್ಬರ ಎದುರು ಆಡಬೇಡ. ಹೋದ ವರ್ಷ ನಿನ್ನ ಕಣದಲ್ಲಿ ಅಳೆದ ರಾಶಿ ಇಲಾಖೆಯ ವಾರ್ಷಿಕ ವರದಿಯಲ್ಲಿ ಬಂದಿದೆ. ಜಿಲ್ಲೆಯಲ್ಲೇ ಅಷ್ಟು ಇಳುವರಿ ಬೇರೆ ಯಾರಿಗೂ ಬಂದಿಲ್ಲ. ಸಾಹೇಬರು ನನ್ನ ಹೆಸರನ್ನು ಬಡ್ತಿಯ ಪಟ್ಟಿಗೆ ಸೇರಿಸಿದ್ದೂ ಆ ರಾಶಿಯ ದೆಸೆಯಿಂದಲೇ. ಬಡ್ತಿ ಬಂದ ದಿನ ಮೊದಲನೆಯ ಸಿಹಿ ನಿನ್ನ ಮನೆಗೆ.

ಎಲ್ಲಿಯವರೆಗೆ ಎಂದು ಕೇಳಿದ್ದೀಯ. ಇಂಥ ಯೋಜನೆಗಳು ಬೇಗ ಮುಗಿಯದಿರಲಿ ಎಂದು ರೈತರು ದೇವರಿಗೆ ಹರಕೆ ಹೊರುತ್ತಾರೆ. ಗೋವಿಂದಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ, ಅವರೆಕಾಯಿಯನ್ನು ಸಂತೆಯಲ್ಲಿ ಕೊಳ್ಳಲು ಹೇಳು.

ನಿನ್ನವನೇ ಆದ
ಅನಂತ


ಸಾರಕ್ಕಿ
9 ಆಗಸ್ಟ್ 1976

ಪ್ರಿಯ ಅನಂತ,

ಈ ಸಲ ತಮಾಷೆಗೆ ಮನಸ್ಸಿಲ್ಲ. ನಮ್ಮ ಊರಿಗೆ ಬಡಾವಣೆ ಬರುತ್ತದೆ ಎಂದು ಬಹಳ ದಿನದಿಂದ ಸುದ್ದಿ ಇತ್ತು. ಈಗ ನೋಟೀಸು ಬಂದಿದೆ. ಕೆರೆಯ ಕೆಳಗಿನ ಗದ್ದೆಗಳೆಲ್ಲ ಹೋಗುತ್ತವೆ. ಗದ್ದೆ ಕಳೆದುಕೊಂಡವರಿಗೆ ಪರಿಹಾರ, ವಸಂತಪುರದ ಹತ್ತಿರ ಒಂದೊಂದು ಸೈಟು. ಅಳುವವರು ಅತ್ತರು, ಬೈಯುವವರು ಬೈದರು, ಆಮೇಲೆ ಎಲ್ಲರೂ ವಸಂತಪುರದಲ್ಲಿ ಒಂದೇ ಬೀದಿಯಲ್ಲಿ ಸೈಟು ಕೇಳೋಣ ಎಂದು ಮಾತಾಡಿಕೊಂಡರು. ಗೋವಿಂದಮ್ಮ ತನ್ನ ಅಕ್ಕ ಮುನಿಯಕ್ಕನ ಪಕ್ಕದ ಸೈಟೇ ಬೇಕೆಂದು ಆಗಲೇ ಹಟ ಹಿಡಿದಿದ್ದಳು.

ನೋಟೀಸು ಓದಿದಾಗ ನನ್ನ ಹೆಸರೊಂದೇ ಇಲ್ಲ. ಸುತ್ತಲಿನ ಗದ್ದೆಗಳೆಲ್ಲ ಇವೆ, ನಡುವೆ ನನ್ನದನ್ನು ಬಿಟ್ಟಿದ್ದಾರೆ. ನೀರುಗಂಟಿ ಪಿಳ್ಳಣ್ಣ, ತೂಬು ತೆಗೆದು ನೀರು ಹಂಚುವವನು, ನನ್ನನ್ನು ಎತ್ತಿ ಆಡಿಸಿದವನು, ಎಲ್ಲರ ಎದುರಿಗೇ “ದೊಡ್ಡೋರ ಸ್ನೇಹ ಮಾಡ್ದೋನು, ತನ್ನದ್ನ ಉಳಿಸ್ಕೊಂಡ ಬಿಡು” ಎಂದ. ನಾನು ತಲೆ ತಗ್ಗಿಸಿಕೊಂಡು ಬಂದೆ.

ಯಾವನೋ ಗುಮಾಸ್ತ ಸರ್ವೆ ನಂಬರು ಬಿಟ್ಟಿರಬೇಕು. ಗದ್ದೆ ಉಳಿಯಿತಲ್ಲ, ಸಂತೋಷಪಡು ಎಂದು ನೀನು ಹೇಳಬಹುದು. ಭತ್ತ ಒಬ್ಬನ ಬೆಳೆಯಲ್ಲ ಅನಂತ. ಕೆರೆ ತುಂಬಬೇಕು, ಪಿಳ್ಳಣ್ಣ ತೂಬು ಎತ್ತಬೇಕು, ನಾಟಿಗೆ ಅಕ್ಕಪಕ್ಕದ ಮನೆಗಳಿಂದ ಮುಯ್ಯಾಳು ಬರಬೇಕು. ಊರೇ ಎದ್ದುಹೋದ ಮೇಲೆ ನಾನೊಬ್ಬ ಕೆಸರಿನಲ್ಲಿ ನಿಂತು ಏನು ಮಾಡಲಿ? ನಿನಗೆ ಗೊತ್ತಿರುವ ಸಾಹೇಬರಿಗೆ ಹೇಳಿ ನನ್ನ ಗದ್ದೆಯನ್ನೂ ಸೇರಿಸುವಂತೆ ಮಾಡು. ಊರಿನ ಜೊತೆ ನಾವೂ ಹೋಗಬೇಕು. ಬೇರೆ ಏನನ್ನೂ ನಾನು ನಿನ್ನಲ್ಲಿ ಕೇಳಿಲ್ಲ.

ವೆಂಕಟ


ಗಂಗಾವತಿ
2 ಅಕ್ಟೋಬರ್ 1976

ಪ್ರೀತಿಯ ವೆಂಕಟ,

ನೀನು ಹೆದರಿಕೊಂಡು ಬರೆದ ಕಾಗದ ಓದಿ ನನಗೆ ನಗು ಬಂತು, ಕೋಪಿಸಿಕೊಳ್ಳಬೇಡ. ಅದು ಗುಮಾಸ್ತನ ಕಣ್ತಪ್ಪಲ್ಲ. ನಾನೇ ಮಾಡಿಸಿದ್ದು. ಬಡಾವಣೆಯ ನಕ್ಷೆ ತಯಾರಾಗುತ್ತಿದೆ ಎಂದು ತಿಳಿದ ಕೂಡಲೇ ನಮ್ಮ ಸಾಹೇಬರ ಹಿಂದೆ ಬಿದ್ದೆ. ಸರ್ಕಾರದ ಸಹಾಯಧನದಲ್ಲಿ ನಡೆಯುತ್ತಿರುವ ಮಾದರಿ ಗದ್ದೆ, ನಗರಕ್ಕೆ ಇಷ್ಟು ಹತ್ತಿರ ಮತ್ತೊಂದಿಲ್ಲ, ರೈತನೂ ಉಳಿಸಿಕೊಡಿ ಎನ್ನುತ್ತಿದ್ದಾನೆ ಎಂದು ಬರೆಸಿದೆ. ಬಡಾವಣೆಯವರು ಒಪ್ಪಿದರು. ನಿನಗೆ ಮುಂಚೆ ಹೇಳಲಿಲ್ಲ, ಒಮ್ಮೆಗೇ ತಿಳಿದು ಖುಷಿಪಡಲಿ ಎಂದು.

ಪಿಳ್ಳಣ್ಣನಂಥವರು ಹೊಟ್ಟೆಕಿಚ್ಚಿಗೆ ಆಡುತ್ತಾರೆ. ತಾತನ ಗದ್ದೆ ಬಿಟ್ಟು ಸೈಟಿನಲ್ಲಿ ಹೋಗಿ ಕೂರುವವನೇ ನೀನು? ಹೈಸ್ಕೂಲಿನಲ್ಲಿ ಮೇಷ್ಟರು ದೊಡ್ಡವನಾದ ಮೇಲೆ ಏನಾಗುತ್ತೀ ಎಂದು ಕೇಳಿದಾಗ ಭತ್ತ ಬೆಳೀತೀನಿ ಸಾರ್ ಎಂದವನು ನೀನೊಬ್ಬನೇ. ಅದನ್ನು ನಾನು ಮರೆತಿಲ್ಲ. ನೆಮ್ಮದಿಯಾಗಿ ಬೆಳೆ.

ನಿನ್ನ
ಅನಂತ


ಸಾರಕ್ಕಿ
30 ಜನವರಿ 1977

ಅನಂತ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ನಾಲ್ಕು ಸಲ ಬರೆದು ಹರಿದೆ. ನನಗೆ ಕೋಪ ಬಂದಿದೆ. ನಿನ್ನ ಮೇಲೆ ಇದುವರೆಗೂ ಬಂದಿರಲಿಲ್ಲ, ಆದ್ದರಿಂದ ಹೇಗೆ ಬರೆಯಬೇಕೋ ತಿಳಿಯದು.

ರೈತನೂ ಕೇಳಿದ್ದಾನೆ ಎಂದು ಬರೆಸಿದೆಯಲ್ಲ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಈಗ ನನ್ನನ್ನು ಬಿಡಿಸುವ ದಾರಿ ಒಂದಿದೆ. ನಿಮ್ಮ ವರದಿಯಲ್ಲಿ ಬಂದ ಆ ರಾಶಿಯ ಮೇಲೆ ಅಲ್ಲವೇ ಈ ಮಾದರಿ ಗದ್ದೆ ನಿಂತಿರುವುದು? ಅದು ನನ್ನೊಬ್ಬನ ರಾಶಿಯಲ್ಲ ಎಂದು ನಿನಗೂ ಗೊತ್ತು. ಕೆರೆಯ ಕೆಳಗಿನ ಗದ್ದೆಗಳಿಗೆಲ್ಲ ಒಂದೇ ಕಣದಲ್ಲಿ ರಾಶಿ ಪೂಜೆ, ವರ್ಷಕ್ಕೊಬ್ಬರ ಸರದಿ. ಆ ವರ್ಷ ನನ್ನದಿತ್ತು. ರಾಶಿ ಸಣ್ಣದಾಗಿ ಕಂಡರೆ ಊರಿಗೇ ಒಳ್ಳೆಯದಲ್ಲ ಎಂದು ಎಲ್ಲ ಮನೆಯವರೂ ತಮ್ಮ ಭತ್ತ ತಂದು ಸುರಿಯುತ್ತಾರೆ, ಪೂಜೆಯಾದ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ಪೂಜೆ ಮುಗಿಯುವವರೆಗೆ ರಾಶಿಯ ಮುಂದೆ ಯಾರೂ ಬಾಯಿ ಬಿಡುವಂತಿಲ್ಲ. ನೀವು ಅದೇ ಹೊತ್ತಿಗೆ ಬಂದಿರಿ, ಕೊಳಗ ಹಿಡಿದು ಅಳೆದಿರಿ, ಬರೆದುಕೊಂಡಿರಿ. ಊರಿಗೆ ಊರೇ ಬಾಯಿ ಮುಚ್ಚಿಕೊಂಡು ನೋಡಿತು. ಮಂಗಳಾರತಿ ಆಗುವಷ್ಟರಲ್ಲಿ ನಿಮ್ಮ ಜೀಪು ಹೊರಟುಹೋಗಿತ್ತು.

ಮಾರನೆಯ ದಿನವೇ ನಾನು ನಿನ್ನ ಆಫೀಸಿಗೆ ಬಂದು ಹೇಳಿದೆ. “ವರದಿ ಹೋಗಾಯ್ತು ಕಣೋ, ಮುಂದಿನ ವರ್ಷ ಸರಿಮಾಡೋಣ ಬಿಡು” ಎಂದು ಕಾಫಿ ತರಿಸಿದೆ. ಈಗ ಸರಿಮಾಡು. ಅದು ಊರಿನ ರಾಶಿ, ಈ ಗದ್ದೆಯಲ್ಲಿ ಎಲ್ಲರ ಗದ್ದೆಯಷ್ಟೇ ಬೆಳೆಯುತ್ತದೆ ಎಂದು ಬರೆ. ಬೋರ್ಡು ಕಿತ್ತುಕೊಂಡು ಹೋಗಲಿ, ನನ್ನ ಹೆಸರನ್ನು ನೋಟೀಸಿಗೆ ಸೇರಿಸಲಿ. ಪರಿಹಾರದ ಪಟ್ಟಿ ಯುಗಾದಿಯ ನಂತರ ಮುಚ್ಚುತ್ತಾರಂತೆ.

ವೆಂಕಟಸ್ವಾಮಿ


ಗಂಗಾವತಿ
11 ಜೂನ್ 1977

ವೆಂಕಟ,

ತಡವಾಯಿತು. ತಂದೆಯವರಿಗೆ ಲಕ್ವ ಹೊಡೆದು ಬೆಂಗಳೂರಿಗೂ ಇಲ್ಲಿಗೂ ಓಡಾಡುತ್ತಿದ್ದೆ. ಸಾರಕ್ಕಿಗೆ ಬರಲು ಬಿಡುವಾಗಲಿಲ್ಲ.

ಆಫೀಸಿನಲ್ಲಿ ನೀನು ಏನೋ ಹೇಳಿದೆ ಎನ್ನುತ್ತೀಯ. ನನಗೆ ನೆನಪಿಲ್ಲ. ಕಾಫಿ ಕುಡಿದದ್ದು ನೆನಪಿದೆ. ಇಷ್ಟು ವರ್ಷದ ಮೇಲೆ ಆ ವರದಿ ಸುಳ್ಳು ಎಂದು ನಾನೇ ಬರೆದರೆ ಏನಾಗುತ್ತದೆ ಎಂದು ಯೋಚಿಸಿದ್ದೀಯಾ? ಬಡ್ತಿ ಹೋಗಲಿ, ಕೆಲಸವೇ ಉಳಿಯುವುದಿಲ್ಲ. ಅದಕ್ಕೆ ಸಹಿ ಮಾಡಿದ ಸಾಹೇಬರೂ ಸಿಕ್ಕಿಬೀಳುತ್ತಾರೆ. ತಂಗಿ ವಿಮಲಾಳ ಮದುವೆ ಇನ್ನೂ ಆಗಬೇಕು. ನನ್ನ ಸಂಬಳದ ಮೇಲೆ ಮನೆಯಲ್ಲಿ ಎಲ್ಲರೂ ಇದ್ದಾರೆ.

ನಿನ್ನ ಕಾಗದವನ್ನು ಓದಿದ ಮೇಲೆ ಒಲೆಗೆ ಹಾಕಿದೆ. ಇನ್ನು ಮುಂದೆ ಆ ಮಾತು ಬರೆಯಬೇಡ, ನನ್ನ ಮೇಲೆ ನಿನಗೆ ಅಷ್ಟಾದರೂ ವಿಶ್ವಾಸವಿದ್ದರೆ. ಎರಡು ವರ್ಷ ತಡೆದುಕೋ. ಯೋಜನೆಯ ಅವಧಿ ತಾನಾಗಿಯೇ ಮುಗಿಯುತ್ತದೆ. ಆಗ ನಿನಗೆ ಬೇಕಾದ ಹಾಗೆ ಮಾಡಿಕೊಳ್ಳುವಂತೆ.

ಅನಂತ


ಸಾರಕ್ಕಿ
14 ನವೆಂಬರ್ 1981

ಪ್ರಿಯ ಅನಂತ,

ವಿಮಲಾಳ ಮದುವೆಯ ಕರೆಯೋಲೆ ತಲುಪಿತ್ತು. ಬರಲಾಗಲಿಲ್ಲ, ಆವತ್ತು ನಮ್ಮ ಗದ್ದೆಗೆ ಜಪಾನಿನವರು ಬಂದಿದ್ದರು. ಮನೆಯಲ್ಲಿ ಎಲ್ಲರೂ ಚೆನ್ನಾಗಿರಲಿ.

ನೀನು ಹೇಳಿದ ಎರಡು ವರ್ಷ ಮುಗಿಯಿತು. ಮುಗಿದ ತಿಂಗಳೇ ಯೋಜನೆಗೆ ಹೊಸ ಹೆಸರಿಟ್ಟು ಹೊಸ ಬೋರ್ಡು ತಂದು ಹಾಕಿದರು. ಹಳೆಯ ಕಂಬ, ಹಳೆಯ ನಾನು.

ಈಗ ನಮ್ಮ ಊರನ್ನು ನೋಡಿದರೆ ನಿನಗೆ ಗುರುತು ಸಿಗದು. ಇದಕ್ಕೀಗ ಜೆ.ಪಿ. ನಗರ ಎಂದು ಹೆಸರು. ನಾಲ್ಕು ಕಡೆಗೂ ಟಾರು ರಸ್ತೆ, ತಾರಸಿ ಮನೆಗಳು, ನಡುವೆ ನನ್ನ ಭತ್ತ. ರಸ್ತೆ ಎತ್ತರವಾಗಿ ಗದ್ದೆ ತಗ್ಗಾಗಿದೆ, ನಾನು ಕೆಲಸ ಮಾಡುವಾಗ ಹೋಗುವವರ ಕಾಲು ಮೊದಲು ಕಾಣುತ್ತದೆ. ಕೆರೆಗೆ ಬರುತ್ತಿದ್ದ ಕಾಲುವೆಯ ಮೇಲೆ ಮನೆಗಳೆದ್ದಿವೆ. ಬಾವಿ ಒಣಗಿತು, ಪಂಪ್‌ಸೆಟ್ಟಿನ ಮೇಲೆ ಮೈನಾ ಕೂರುತ್ತದೆ.

ಭತ್ತಕ್ಕೆ ಒಂದು ಕಾಲ ಎಂಬುದೂ ಹೋಯಿತು. ಅತಿಥಿಗಳು ಯಾವಾಗ ಬರುತ್ತಾರೋ ಆವಾಗ ನಾಟಿ. ಕಳೆದ ಏಪ್ರಿಲಿನಲ್ಲಿ ಯಾರೋ ಬರುತ್ತಾರೆಂದು ಟ್ಯಾಂಕರಿನಲ್ಲಿ ನೀರು ತಂದು ಗದ್ದೆಗೆ ಬಿಟ್ಟರು. ಹೊಸ ಮನೆಗಳಲ್ಲಿ ಎರಡು ದಿನದಿಂದ ನಲ್ಲಿಯಲ್ಲಿ ನೀರಿರಲಿಲ್ಲ. ಹೆಂಗಸರು ಕೊಡ ಹಿಡಿದು ಬದುವಿನ ಮೇಲೆ ನಿಂತಿದ್ದರು. ಒಬ್ಬರು, “ನಿಮ್ಮ ಪೈರು ಕುಡಿದು ಮಿಕ್ಕಿದ್ರೆ ನಮಗೂ ಒಂದು ಕೊಡ ಕೊಡ್ತೀರಾ?” ಎಂದು ಕೇಳಿದರು. ನಾನು ಕೊಡಲಾರದೆ ಹೋದೆ, ಇಲಾಖೆಯವನು ಎದುರಿಗೇ ನಿಂತಿದ್ದ.

ಮಾರೋಣವೆಂದರೆ ರೈತರಲ್ಲದವರು ಕೊಳ್ಳುವಂತಿಲ್ಲ. ರೈತರೆಲ್ಲ ವಸಂತಪುರದಲ್ಲಿದ್ದಾರೆ, ಅವರು ಈಗ ರೈತರಲ್ಲ. ಪಾಳು ಬಿಟ್ಟರೆ ಮುಚ್ಚಳಿಕೆ ಇದೆ.

ಗೋವಿಂದಮ್ಮ ವಾರಕ್ಕೊಮ್ಮೆ ಮುನಿಯಕ್ಕನ ಮನೆಗೆ ಹೋಗುತ್ತಿದ್ದವಳು ಈಗ ವಾರಕ್ಕೊಮ್ಮೆ ಇಲ್ಲಿಗೆ ಬರುತ್ತಾಳೆ. ಇಲ್ಲಿ ಅವಳೊಡನೆ ಮಾತಾಡುವವರಿಲ್ಲ. ಬೇಲಿಯಾಚೆಯವರು ಒಳ್ಳೆಯವರೇ, ಆದರೆ ಅವಳು ಸೆಗಣಿ ಸಾರಿಸುವುದನ್ನು ನಿಂತು ನೋಡುತ್ತಾರೆ. ಹೋದ ಶುಕ್ರವಾರ ಬನಶಂಕರಿ ಗುಡಿಯಿಂದ ಬರುವಾಗ ಅವಳು ದಾರಿಯಲ್ಲೇ ನಿಂತು, “ನೀವು ಗದ್ದೆ ಬಿಟ್ಟು ಬರೋ ಹಂಗಿಲ್ಲ, ನಾನು ಜನ ಬಿಟ್ಟು ಇರೋ ಹಂಗಿಲ್ಲ. ಹೇಳಿ, ಏನ್ ಮಾಡೋಣ?” ಎಂದಳು.

ನೀನು ದೊಡ್ಡ ಅಧಿಕಾರಿಯಾಗಿ ಬೆಂಗಳೂರಿನ ಆಫೀಸಿಗೇ ಬರುತ್ತೀಯಂತೆ. ಇನ್ನು ಯಾರನ್ನೂ ಕೇಳಬೇಕಾಗಿಲ್ಲ. ರಾಶಿಯ ಸುದ್ದಿ ನಾನು ಎತ್ತುವುದಿಲ್ಲ, ಮಾತು ಕೊಡುತ್ತೇನೆ. ಈ ಗದ್ದೆ ಇನ್ನು ಸಾಕು ಎಂದು ಒಂದು ಸಹಿ ಹಾಕು. ಅವಳು ಪೂರ್ತಿ ಹೋಗುವುದಕ್ಕೆ ಮುಂಚೆ ಹಾಕು.

ನಿನ್ನ
ವೆಂಕಟ


ಸಾರಕ್ಕಿ
10 ಆಗಸ್ಟ್ 1983

ಅನಂತಪದ್ಮನಾಭನವರಿಗೆ,

ನೀವು ಎಂದು ಬರೆಯುತ್ತಿದ್ದೇನೆ. ಕಳೆದ ವಾರ ನಿಮ್ಮ ಆಫೀಸಿನಲ್ಲಿ ಜವಾನ ಕಲಿಸಿದ. ಅನಂತ ಇದ್ದಾನಾ ಎಂದು ಕೇಳಿದ್ದಕ್ಕೆ, ಸಾಹೇಬರು ಎನ್ನಿ ಎಂದು ಗದರಿದ. ಸಂಜೆಯವರೆಗೆ ಬೆಂಚಿನ ಮೇಲೆ ಕೂತು ಎದ್ದುಬಂದೆ. ಕೆಲಸವಿದ್ದಿರಬೇಕು, ಅದಕ್ಕೆ ಬೇಸರವಿಲ್ಲ.

ನಿನ್ನೆ ನೀವೇ ಬಂದಿರಿ, ಎರಡು ಬಸ್ಸು ಜನರ ಜೊತೆ. ಇಂಗ್ಲಿಷಿನಲ್ಲಿ ನನ್ನ ಬಗ್ಗೆ ಬಹಳ ಹೊತ್ತು ಹೇಳಿದಿರಿ. ಎಸ್.ಎಸ್.ಎಲ್.ಸಿ.ಯ ಇಂಗ್ಲಿಷಿನಲ್ಲಿ ನನಗೆ ಅರ್ಧ ತಿಳಿಯಿತು. ಈತ ನಗರ ಸುತ್ತುವರಿದರೂ ಗದ್ದೆ ಬಿಟ್ಟು ಕದಲದವನು, ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೆಸರಿನ ಕೈಯಲ್ಲೇ ಮುಗಿದೆ. ನಿಮ್ಮ ಕಣ್ಣು ನನ್ನ ಕಣ್ಣಿಗೆ ಸಿಗಲಿ ಎಂದು ನೋಡಿದೆ, ನೀವು ಪೈರನ್ನೇ ನೋಡುತ್ತಿದ್ದಿರಿ.

ಹೊರಡುವಾಗ ಹತ್ತಿರ ಬಂದು “ಆರಾಮಾ?” ಎಂದು ಮೆಲ್ಲಗೆ ಕೇಳಿದಿರಿ. ಬಸ್ಸು ಹಾರ್ನು ಹೊಡೆಯಿತು. ಉತ್ತರ ಈಗ ಬರೆಯುತ್ತಿದ್ದೇನೆ. ಆರಾಮಿಲ್ಲ. ಗದ್ದೆ ಬಿಡಿಸಿಕೊಡಿ ಎಂಬ ನನ್ನ ಅರ್ಜಿಯ ಮೇಲೆ ದಯವಿಟ್ಟು ಆರ್ಡರು ಮಾಡಿ.

ಇಂತು
ವೆಂಕಟಸ್ವಾಮಿ


ಜಯನಗರ
3 ಫೆಬ್ರವರಿ 1985

ಪ್ರೀತಿಯ ವೆಂಕಟ,

ಬಹುವಚನ ಹಾಕಿ ಹೊಡೆಯಬೇಡವೋ. ಆಫೀಸಿನ ಕುರ್ಚಿ ಬೇರೆ, ನಾನು ಬೇರೆ. ಆ ದಿನ ನಿನ್ನನ್ನು ನೋಡಿದರೆ ಭಾಷಣ ಮರೆತುಹೋದೀತೆಂದು ನೋಡಲಿಲ್ಲ. ಉತ್ತರಿಸದೆ ಇದ್ದದ್ದಕ್ಕೆ ಕ್ಷಮಿಸು, ಒಳ್ಳೆಯ ಸುದ್ದಿಯೊಂದಿಗೇ ಬರೆಯೋಣವೆಂದು ತಡೆದೆ.

ಯೋಜನೆಯನ್ನು ನಿಲ್ಲಿಸಬೇಕೆಂದು ಮೇಲಿನಿಂದ ಕಡತ ಬಂದಿತ್ತು. ನಾನು ಪಟ್ಟು ಹಿಡಿದು ಇನ್ನೈದು ವರ್ಷ ಮುಂದುವರಿಸಿ ಸಹಿ ಮಾಡಿದೆ. ನಿಲ್ಲಿಸಿದ್ದರೆ ಬೀಜ ಗೊಬ್ಬರದ ಸಬ್ಸಿಡಿ ಹೋಗುತ್ತಿತ್ತು. ಈ ವಯಸ್ಸಿನಲ್ಲಿ ನೀನು ಬೇರೆ ಏನು ಕೆಲಸ ಹುಡುಕುತ್ತಿದ್ದೆ? ನೀನು ಬೇಸರದಲ್ಲಿ ಬರೆದದ್ದನ್ನೆಲ್ಲ ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ನಿನ್ನ ಜೀವ ಆ ಗದ್ದೆಯಲ್ಲಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇನ್ನೊಂದು ಸುದ್ದಿ. ಎಪ್ಪತ್ತೇಳರಲ್ಲೇ ನಿಮ್ಮ ಬಡಾವಣೆಯಲ್ಲಿ ಒಂದು ಸೈಟಿಗೆ ಅರ್ಜಿ ಹಾಕಿದ್ದೆ, ಸಿಕ್ಕಿತ್ತು. ನಿನಗೆ ಹೇಳಲು ಏಕೋ ಸಂಕೋಚವಾಯಿತು. ಈಗ ಮನೆ ಮುಗಿದಿದೆ. ನಿನ್ನ ಗದ್ದೆಯ ಪಡುವಣ ದಿಕ್ಕಿಗೆ, ಹೊಸದಾಗಿ ಹಳದಿ ಬಣ್ಣ ಹೊಡೆದ ಮಹಡಿ ಮನೆ ಇದೆಯಲ್ಲ, ಅದೇ. ಇಪ್ಪತ್ತನೆಯ ತಾರೀಕು ಗೃಹಪ್ರವೇಶ. ಆ ದಿನದ ಹುಗ್ಗಿಗೆ ನಿನ್ನ ಗದ್ದೆಯ ಹೊಸ ಅಕ್ಕಿಯೇ ಆಗಬೇಕೆಂದು ತಾಯಿಯ ಆಸೆ. ಗೋವಿಂದಮ್ಮನವರನ್ನೂ ಕರೆದುಕೊಂಡು ಬಾ.

ಬೆಳಿಗ್ಗೆ ಮಹಡಿಯ ಮೇಲೆ ನಿಂತರೆ ಎಂಥ ಗಾಳಿ, ಎಂಥ ಹಸಿರು. ಎದುರಿಗೆ ಮನೆ ಏಳುವುದಿಲ್ಲ ಎಂಬ ಧೈರ್ಯ ಈ ಊರಿನಲ್ಲಿ ಇನ್ನಾರಿಗಿದೆ? ಇನ್ನು ನಮಗೆ ಕಾಗದದ ಹಂಗಿಲ್ಲ. ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಸಾಕು, ನೀನು ಕಾಣುತ್ತೀಯ. ಅಲ್ಲಿಂದಲೇ ಕೈ ಬೀಸುತ್ತೇನೆ.

ನಿನ್ನ
ಅನಂತ


ಸಾರಕ್ಕಿ
18 ಫೆಬ್ರವರಿ 1985

ಅನಂತ,

ಅಕ್ಕಿ ಕಳಿಸಿದ್ದೇನೆ. ನುಚ್ಚಾಗದ ಹಾಗೆ ನಾನೇ ನಿಂತು ಗಿರಣಿಯಲ್ಲಿ ಮಾಡಿಸಿದೆ. ನಿಮ್ಮ ತಾಯಿಗೆ ನಮಸ್ಕಾರ ಹೇಳು.

ಗೃಹಪ್ರವೇಶಕ್ಕೆ ನಾನು ಬರಲಾರೆ. ಗೋವಿಂದಮ್ಮನೂ ಬರಲಾರಳು. ಅವಳು ವಸಂತಪುರಕ್ಕೆ ಹೋಗಿ ಬಹಳ ದಿನವಾಯಿತು, ವಾರಕ್ಕೊಮ್ಮೆ ಬರುವುದೂ ನಿಂತಿದೆ. ಜಗಳವೇನೂ ಇಲ್ಲ. ಹೊರಡುವ ಬೆಳಿಗ್ಗೆ ನನಗೆ ಮುದ್ದೆ ಮಾಡಿಟ್ಟು, ಸೀರೆಗಳನ್ನು ಗಂಟು ಕಟ್ಟಿಕೊಂಡು, “ಬಿಡುವಾದಾಗ ಬನ್ನಿ” ಎಂದಳು, ನೆಂಟರನ್ನು ಕರೆದ ಹಾಗೆ. ಬಸ್ಸು ಹತ್ತಿಸಿ ಬಂದೆ. ಆ ಮಧ್ಯಾಹ್ನ ಯಾರೋ ಬರುವವರಿದ್ದರು. ಐದು ವರ್ಷ ಮುಂದುವರಿಸಿದ ಸುದ್ದಿಯನ್ನು ಅವಳಿಗೆ ಇನ್ನೂ ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ.

ನಿನ್ನ ಮೇಲಿದ್ದ ಕೋಪ ಹೋಯಿತು. ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಅದಿದ್ದಾಗಲೇ ಚೆನ್ನಾಗಿತ್ತು.

ಒಂದು ಕೇಳಿಕೊಳ್ಳುತ್ತೇನೆ, ಇದನ್ನಾದರೂ ನಡೆಸಿಕೊಡು. ಮಹಡಿಯ ಮೇಲಿಂದ ಕೈ ಬೀಸಬೇಡ. ಎತ್ತರದಲ್ಲಿ ಯಾರಾದರೂ ನಿಂತು ಕೈ ಎತ್ತಿದರೆ ನೋಡಲು ಬಂದವರೆಂದು ತಿಳಿದು ನಾನು ಉಣ್ಣುತ್ತಿದ್ದರೂ ಎದ್ದು ಗದ್ದೆಗೆ ಇಳಿದುಬಿಡುತ್ತೇನೆ.

ವೆಂಕಟಸ್ವಾಮಿ